ಲೋಕನಾಥನ ನೂರ ಹದಿನೇಳು ಬ್ಯಾಕ್‌ಲಾಗ್

ಲೋಕನಾಥನಿಗೆ ಶುಗರ್ ಇರಲಿಲ್ಲ, ಬಿಪಿ ಇರಲಿಲ್ಲ, ಮಂಡಿನೋವೂ ಇರಲಿಲ್ಲ. ಐವತ್ತರ ಹತ್ತಿರಕ್ಕೆ ಬಂದ ಗಂಡಸಿಗೆ ಏನಾದರೊಂದು ಇರಬೇಕಲ್ಲ. ಅವನಿಗೆ ಇದ್ದದ್ದು ಅಬ್ದುಲ್ ಸಮದ್.

ಇಬ್ಬರೂ ಮೆಲ್ಕಾರಿನಲ್ಲಿ, ಒಂದು ಬೇಕರಿಯ ಮೇಲಿನ ಮಾಳಿಗೆಯಲ್ಲಿದ್ದ ‘ಸುಬ್ಬಪ್ಪ ಆಂಡ್ ಸನ್ಸ್ ಸಾಫ್ಟ್‌ವೇರ್’ ಎಂಬ ಕಂಪೆನಿಯಲ್ಲಿ ಕೆಲಸಕ್ಕಿದ್ದರು. ಧಣಿ ಸುಬ್ಬಪ್ಪನವರಿಗೆ ಇದ್ದದ್ದು ಒಬ್ಬಳೇ ಮಗಳು, ಅವಳೂ ಹಲ್ಲಿನ ಡಾಕ್ಟರು. ಆದರೆ ಬೋರ್ಡಿಗೆ ಒಂದು ತೂಕ ಬರಲಿ ಎಂದು ಸನ್ಸ್ ಸೇರಿಸಿದ್ದರು. ಅಕ್ಕಿ ಮಿಲ್ಲು, ಹಾಲಿನ ಸೊಸೈಟಿ, ಹೋಟೆಲು, ಹಾರ್ಡ್‌ವೇರ್ ಅಂಗಡಿ ಇಂಥವುಗಳಿಗೆ ಬಿಲ್ಲಿನ ಸಾಫ್ಟ್‌ವೇರ್ ಮಾಡಿ ಕೊಡುವುದು ಕಂಪೆನಿಯ ಕಸುಬು. ಕೊಟ್ಟದ್ದು ಕೆಟ್ಟಾಗ ಹೋಗಿ, ಗಿರಾಕಿಯ ಬೈಗುಳ ತಿಂದು, ಸರಿಮಾಡಿ, ಅವನದೇ ಚಾ ಕುಡಿದು ಬರುವುದು ಲೋಕನಾಥ ಮತ್ತು ಸಮದರ ಕಸುಬು. ಅದರಲ್ಲಿ ಇಬ್ಬರೂ ಪಳಗಿದವರು. ಒಂದೇ ವರ್ಷ ಕೆಲಸಕ್ಕೆ ಸೇರಿದವರು, ಪಾಣೆಮಂಗಳೂರಿನಲ್ಲಿ ಅಕ್ಕಪಕ್ಕದ ಮನೆಯವರು, ಸಮದನ ಸ್ಕೂಟರಿನಲ್ಲಿ ಜೊತೆಯಾಗಿ ಬಂದು ಜೊತೆಯಾಗಿ ಹೋಗುವವರು. ಕಂಡವರೆಲ್ಲ ಅಣ್ಣತಮ್ಮಂದಿರ ಹಾಗೆ ಇದ್ದಾರೆ ಎನ್ನುತ್ತಿದ್ದರು. ಹಿಂದೆ ಕೂತ ಲೋಕನಾಥನ ಮುಖವನ್ನು ಅವರು ಸರಿಯಾಗಿ ನೋಡಿರಲಿಲ್ಲ.

ಸಮದನಿಗೆ ಇದ್ದದ್ದು ತನಗಿಲ್ಲ ಎಂದರೆ ಲೋಕನಾಥನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸಮದ ಓದುವ ಕನ್ನಡಕ ಹಾಕಿಕೊಂಡ ವಾರವೇ ಇವನು ಕಣ್ಣಿನ ಡಾಕ್ಟರಲ್ಲಿಗೆ ಹೋದ. ಅವರು ನಿಮ್ಮ ಕಣ್ಣು ಚೆನ್ನಾಗಿದೆ ಎಂದರು. ಇವನು ಅವರ ಮೇಲೆ ನಂಬಿಕೆ ಕಳೆದುಕೊಂಡು ಇನ್ನೊಬ್ಬ ಡಾಕ್ಟರಲ್ಲಿಗೆ ಹೋದ. ಸಮದನ ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿದಾಗ ಆಫೀಸಿಗೆ ಆಫೀಸೇ ದ್ರಾಕ್ಷಿ ಹಿಡಿದುಕೊಂಡು ಆಸ್ಪತ್ರೆಗೆ ಹೋಯಿತು. ಲೋಕನಾಥನೂ ಹೋದ, ಕಣ್ಣಲ್ಲಿ ನೀರೂ ತಂದುಕೊಂಡ. ಮಂಚದ ಬದಿಯಲ್ಲಿ ರಾಶಿ ಬಿದ್ದ ದ್ರಾಕ್ಷಿಯನ್ನು ಕಂಡು ಬಂದ ನೀರು ಅದು. ತನ್ನ ಹೊಟ್ಟೆಯಲ್ಲಿ ಒಂದು ಸಣ್ಣ ಹರಳಾದರೂ ಇರಬಾರದೇ ಎಂದು ಆ ಸಂಜೆ ಕಾಂತಿಯ ಹತ್ತಿರ ಹೇಳಿದ್ದ. ಕಾಂತಿ ಅವನ ಹೆಂಡತಿ, ಬುದ್ಧಿವಂತೆ, ಆದ್ದರಿಂದ ಏನೂ ಹೇಳಲಿಲ್ಲ.

ಹೀಗಿರುವಾಗ ಸುಬ್ಬಪ್ಪನವರು ಮೂಡುಬಿದಿರೆಯಲ್ಲಿ ಕಂಪೆನಿಯ ಶಾಖೆ ತೆರೆಯುವುದಾಗಿ ಘೋಷಿಸಿದರು. ಎಸಿ ಇರುವ ಒಂದು ಕೋಣೆ, ಬಾಗಿಲಿಗೆ ಹೆಸರಿನ ಫಲಕ, ಕೈಕೆಳಗೆ ನಾಲ್ಕು ಜನ. ಅದರ ಇನ್‌ಚಾರ್ಜ್ ಆಗಿ ಹಳೆಯವರಿಬ್ಬರಲ್ಲಿ ಒಬ್ಬರನ್ನು ಕಳಿಸುತ್ತೇನೆ, ಯಾರೆಂದು ತಿಂಗಳ ಕೊನೆಯ ಶನಿವಾರದ ಮೀಟಿಂಗಿನಲ್ಲಿ ಹೇಳುತ್ತೇನೆ ಎಂದರು.

ಲೋಕನಾಥನಿಗೆ ಈ ಮೂಡುಬಿದಿರೆ ಬರಿಯ ಊರಲ್ಲ, ಹೆಂಡತಿಯ ಊರು. ಕಾಂತಿಯ ಅಣ್ಣ ದೇಜಪ್ಪ ಅಲ್ಲಿ ಪೇಟೆಯ ನಡುವೆ ಹೋಟೆಲು ನಡೆಸುವ ದೊಡ್ಡ ಕುಳ. ಭಾವನಾದ ಲೋಕನಾಥ ಮನೆಗೆ ಬಂದರೆ ದೇಜಪ್ಪ ಕುಡಿಯಲು ನೀರು ಕೊಡುವ ಮೊದಲು ಕೆಟ್ಟ ಪ್ರಿಂಟರು ತಂದು ಮುಂದಿಡುತ್ತಿದ್ದರು. ಬಂದ ನೆಂಟರಿಗೆ “ಇವರು ನಮ್ಮ ಕಂಪ್ಯೂಟರ್ ರಿಪೇರಿಯವರು” ಎಂದೇ ಪರಿಚಯ ಮಾಡಿಸುತ್ತಿದ್ದರು. ಮದುವೆಯಾದಂದಿನಿಂದ ಈ ಮಾತು ಲೋಕನಾಥನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಅದೇ ಊರಿನಲ್ಲಿ, ಹೆಸರು ಬರೆದ ಬಾಗಿಲಿನ ಹಿಂದೆ, ಎಸಿಯ ಗಾಳಿಯಲ್ಲಿ ತಾನು ಕೂತಿರಬೇಕು. ದೇಜಪ್ಪ ಪ್ರಿಂಟರು ಹಿಡಿದುಕೊಂಡು ಹೊರಗೆ ಕಾಯಬೇಕು. ಇಷ್ಟೇ ಅವನ ಆಸೆ. ದೊಡ್ಡದೇನಲ್ಲ, ಆದರೆ ಅವನಿಗೆ ಬೇರೆ ಆಸೆ ಇರಲಿಲ್ಲ.

ಆ ವಾರವೇ ವಿಜೇತಾ ಎಂಬ ಹೊಸ ಮ್ಯಾನೇಜರ್ ಬಂದಳು. ಮೂವತ್ತರ ಹುಡುಗಿ, ಚುರುಕು. ಕೆಲಸವನ್ನೆಲ್ಲ ಬಾಯಿಮಾತಿನಲ್ಲಿ, ಸಿಗರೇಟು ಪ್ಯಾಕಿನ ಹಿಂದೆ ಬರೆದುಕೊಂಡು ಮಾಡುವ ಆಫೀಸಿನ ಪದ್ಧತಿ ಕಂಡು ಅವಳು ಹೌಹಾರಿ, ಒಂದು ಹೊಸ ಟೂಲ್ ತಂದಳು. ಗೋಡೆಯ ಟಿವಿಯಲ್ಲಿ ಒಂದು ಬೋರ್ಡು ಮೂಡಿತು. ಮಾಡಬೇಕಾದ ಒಂದೊಂದು ಕೆಲಸಕ್ಕೂ ಒಂದೊಂದು ಕಾರ್ಡು. ಎಡಗಡೆಯ ಸಾಲಿಗೆ ‘ಬ್ಯಾಕ್‌ಲಾಗ್’ ಎಂದು ಹೆಸರು: ಇನ್ನೂ ಯಾರೂ ಮಾಡದೆ ಬಾಕಿ ಬಿದ್ದಿರುವ ಕೆಲಸಗಳೆಲ್ಲ ಅಲ್ಲಿ. ಕೈಗೆತ್ತಿಕೊಂಡದ್ದು ನಡುವಿನ ಸಾಲಿಗೆ ಬರುತ್ತದೆ, ಮುಗಿದದ್ದು ಬಲಗಡೆಗೆ ಹೋಗುತ್ತದೆ. ಎಡಗಡೆಯದನ್ನು ಕರಗಿಸುತ್ತಾ ಬಲಗಡೆ ತುಂಬಿಸುವುದೇ ಎಲ್ಲರ ಕೆಲಸ ಎಂದು ವಿಜೇತಾ ಎಳೆಎಳೆಯಾಗಿ ಬಿಡಿಸಿ ಹೇಳಿದಳು. ಎಲ್ಲರಿಗೂ ಅರ್ಥವಾಯಿತು.

ಅರ್ಥವಾಗದವನು ಒಬ್ಬನೇ, ಏಕೆಂದರೆ ಅವನು ಅಲ್ಲಿರಲಿಲ್ಲ. ಎರಡು ಇಡ್ಲಿ ತಿಂದವನಿಗೆ ಇಪ್ಪತ್ತೆರಡು ಇಡ್ಲಿಯ ಬಿಲ್ಲು ಬಂದಿದೆ, ಅವನು ಕ್ಯಾಷ್ ಕೌಂಟರಿನ ಎದುರು ಕೈಕಟ್ಟಿ ನಿಂತಿದ್ದಾನೆ ಎಂದು ಮುಂಡಾಜೆಯ ಹೋಟೆಲಿನವರು ಫೋನು ಮಾಡಿದ್ದರು. ಲೋಕನಾಥ ಮೆಟ್ಟಿಲಲ್ಲಿ ನಿಂತು ಅದನ್ನು ಬಗೆಹರಿಸಿ ಒಳಗೆ ಬರುವಾಗ ವಿವರಣೆ ಮುಗಿದು ಸಮದ ತಲೆಯಾಡಿಸುತ್ತಿದ್ದ. ಏನು ಹೇಳಿದರು ಎಂದು ಕೇಳಬಹುದಿತ್ತು. ಆದರೆ ಸಮದನಿಗೆ ಅರ್ಥವಾದದ್ದು ತನಗೆ ಆಗಲಿಲ್ಲ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಆದ್ದರಿಂದ ಅವನು ಸಮದನಿಗಿಂತ ಜೋರಾಗಿ ತಲೆಯಾಡಿಸಿದ.

ಆಮೇಲೆ ಟಿವಿಯ ಕಡೆ ನೋಡಿದ. ಬ್ಯಾಕ್‌ಲಾಗ್ ಎಂಬ ಸಾಲಿನಲ್ಲಿ ಮೇಲಿಂದ ಕೆಳಗಿನ ತನಕ ಕಾರ್ಡುಗಳು, ಹೆಚ್ಚುಕಡಿಮೆ ಪ್ರತಿಯೊಂದರ ಮೂಲೆಯಲ್ಲೂ ಸಮದನ ನಗುಮುಖದ ಫೋಟೋ. ಹೆಸರಿನ ಪಕ್ಕ ಮೂವತ್ತೆಂಟು ಎಂದು ಅಂಕಿ. ಕೆಳಗೆ ಹುಡುಕಿ ಹುಡುಕಿ ನೋಡಿದರೆ ಲೋಕನಾಥ, ನಾಲ್ಕು.

ಇದರ ಗುಟ್ಟು ಬಹಳ ಸಣ್ಣದು. ಯಾರ ಹೆಸರೂ ಇಲ್ಲದ ಕಾರ್ಡನ್ನು ಆ ಟೂಲ್ ಅಕ್ಷರಮಾಲೆಯ ಕ್ರಮದಲ್ಲಿ ಮೊದಲು ಬರುವವನ ತಲೆಗೆ ಕಟ್ಟುತ್ತಿತ್ತು. ಅಬ್ದುಲ್ ಎಂದು ಹೆಸರಿಟ್ಟ ತಪ್ಪಿಗೆ ಅನಾಥ ಕೆಲಸಗಳೆಲ್ಲ ಸಮದನ ಪಾಲಿಗೆ ಬಿದ್ದಿದ್ದವು. ಲೋಕನಾಥನಿಗೆ ಇದು ಹೇಗೆ ಗೊತ್ತಾಗಬೇಕು. ಅವನು ನಗುನಗುತ್ತಾ, ಒಳಗೊಳಗೆ ಉರಿಯುತ್ತಾ, ಸಮದನಿಗೆ ಮಾತ್ರ ಇಷ್ಟು ಯಾಕೆ ಎಂದು ವಿಜೇತಾಳನ್ನು ಕೇಳಿದ. ಅವಳು ಲ್ಯಾಪ್‌ಟಾಪು ಮಡಚುತ್ತಾ ಅವಸರದಲ್ಲಿ ಹೇಳಿದಳು:

“ಅವರ ಹೆಸರು ಮೊದಲು ಅಲ್ವಾ ಸರ್, ಅದಕ್ಕೆ.”

ಲೋಕನಾಥ ಅಲ್ಲೇ ಕುರ್ಚಿಯಲ್ಲಿ ಕುಸಿದ. ಅಂದರೆ ತೀರ್ಮಾನ ಆಗಿಹೋಗಿದೆ. ಸಮದನ ಹೆಸರು ಮೊದಲು, ತನ್ನದು ಆಮೇಲೆ. ಮೂವತ್ತೆಂಟು ಜವಾಬ್ದಾರಿ ಹೊತ್ತವನು ಮೂಡುಬಿದಿರೆಗೆ, ನಾಲ್ಕರವನು ಮೆಲ್ಕಾರಿನಲ್ಲೇ. ಆ ದಿನ ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಸಮದ ಏನೇನೋ ಕೇಳುತ್ತಿದ್ದ. ಬ್ಯಾಕ್‌ಲಾಗ್ ಎಂಬ ಶಬ್ದವನ್ನು ಇವನು ಬಾಯಲ್ಲಿ ಹಾಕಿಕೊಂಡು ಚಪ್ಪರಿಸುತ್ತಿದ್ದ. ಅದು ಪದವಿಯ ಹೆಸರಿನ ಹಾಗೆಯೇ ಕೇಳುತ್ತಿತ್ತು.

ಮರುದಿನದಿಂದ ಲೋಕನಾಥ ಕಾರ್ಡು ಹುಟ್ಟಿಸತೊಡಗಿದ. ವಿಜೇತಾ ಹೊಸ ಶಾಖೆಗೆ ಮೇಜು ಕುರ್ಚಿ ಹೊಂದಿಸಲು ಹೆಚ್ಚಿನ ಹೊತ್ತು ಮೂಡುಬಿದಿರೆಯಲ್ಲೇ ಇರುತ್ತಿದ್ದಳು, ಹೇಳುವವರು ಕೇಳುವವರು ಇರಲಿಲ್ಲ. ಕುಡಿಯುವ ನೀರಿನ ಕ್ಯಾನಿನವನಿಗೆ ಫೋನು ಮಾಡುವುದು, ಒಂದು ಕಾರ್ಡು. ಅವನು ಎತ್ತದಿದ್ದರೆ ಮತ್ತೊಮ್ಮೆ ಮಾಡುವುದು, ಇನ್ನೊಂದು. ಕಾರ್ಡಿನ ಮೂಲೆಯಲ್ಲಿ ಕೆಲಸ ಎಷ್ಟು ಕಷ್ಟದ್ದು ಎಂದು ಅಂಕಿ ಹಾಕುವ ಜಾಗವಿತ್ತು. ಅದು ಮಾರ್ಕೆಂದು ತಿಳಿದ ಲೋಕನಾಥ ಇದ್ದುದರಲ್ಲಿ ದೊಡ್ಡ ಅಂಕಿಯನ್ನೇ ಆರಿಸಿದ. ಇಡೀ ಬೋರ್ಡಿನಲ್ಲಿ ಅತಿ ಕಷ್ಟದ ಕೆಲಸ ಬಚ್ಚಲಿನ ಬಲ್ಬು ಬದಲಾಯಿಸುವುದು ಎಂದು ಕಾಣತೊಡಗಿತು.

ಒಮ್ಮೆ ಮಾತ್ರ ಎಡವಿದ. ಯಾವುದೋ ಹಾರ್ಡ್‌ವೇರ್ ಅಂಗಡಿಯ ದೂರನ್ನು ಅಭ್ಯಾಸಬಲದಿಂದ ಹತ್ತು ನಿಮಿಷದಲ್ಲಿ ಸರಿಮಾಡಿ ಕಾರ್ಡನ್ನು ಬಲಗಡೆಗೆ ಸರಿಸಿದ. ತಕ್ಷಣ ಅವನ ಅಂಕಿ ಒಂದು ಕಡಿಮೆಯಾಯಿತು. ಕೈಯಲ್ಲಿದ್ದ ಬೋಂಡ ಕೈಯಲ್ಲೇ ಉಳಿಯಿತು. ಕೆಲಸ ಮುಗಿಸಿದರೆ ಬ್ಯಾಕ್‌ಲಾಗ್ ಇಳಿಯುತ್ತದೆ ಎಂಬ ಭಯಂಕರ ಸತ್ಯ ಅವನಿಗೆ ಆ ಗಳಿಗೆಯಲ್ಲಿ ತಿಳಿಯಿತು. ಅಂದಿನಿಂದ ಅವನು ಯಾವ ಕೆಲಸವನ್ನೂ ಮುಗಿಸಲಿಲ್ಲ. ಹಿಂದೆ ಫೋನು ಬಂದರೆ ಅನ್ನದ ಬಟ್ಟಲು ಬಿಟ್ಟು ಓಡುತ್ತಿದ್ದ ಮನುಷ್ಯ ಈಗ ಗಿರಾಕಿಗಳಿಗೆ, ಸ್ವಲ್ಪ ತಡೆಯಿರಿ, ಶನಿವಾರ ಕಳೆಯಲಿ ಎಂದು ಹೇಳತೊಡಗಿದ.

ಬೆಳ್ತಂಗಡಿಯ ಅಕ್ಕಿ ಮಿಲ್ಲಿನ ಫಯಾಝ್ ಅವರಲ್ಲಿ ಒಬ್ಬ. ಅವನ ಮಿಲ್ಲಿನಲ್ಲಿ ಕುಚ್ಚಲಕ್ಕಿ ಕೊಂಡವರಿಗೆಲ್ಲ ಬಿಲ್ಲಿನಲ್ಲಿ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ, ಎಂದು ಬರುತ್ತಿತ್ತು. ಈ ಜಿಲ್ಲೆಯಲ್ಲಿ ಕುಚ್ಚಲಕ್ಕಿ ಉಣ್ಣುವವನ ಕೈಗೆ ಬೆಳ್ತಿಗೆಯ ಬಿಲ್ಲು ಕೊಡುವುದೆಂದರೆ ಸಣ್ಣ ವಿಷಯವಲ್ಲ. ಗಿರಾಕಿಗಳು ಮೂಟೆ ಬಿಚ್ಚಿಸಿ, ಕಾಳು ಮುಟ್ಟಿ ನೋಡಿ, ಆಮೇಲೂ ಅನುಮಾನದಿಂದಲೇ ಮನೆಗೆ ಹೋಗುತ್ತಿದ್ದರು. ಫಯಾಝ್ ದಿನಾ ಫೋನು ಮಾಡಿದ. ಲೋಕನಾಥ ದಿನಾ ಅದಕ್ಕೊಂದು ಹೊಸ ಕಾರ್ಡು ಮಾಡಿದ.

ಇಷ್ಟಾದರೂ ಸಮದನ ಅಂಕಿಯನ್ನು ಹಿಂದೆ ಹಾಕಲು ಆಗಲಿಲ್ಲ. ಆಗ ಅವನ ಕಣ್ಣಿಗೆ ಕಾರ್ಡಿನ ಕೆಳಗಿದ್ದ ಒಂದು ಗುಂಡಿ ಬಿತ್ತು: ‘ನನ್ನ ಹೆಸರಿಗೆ’. ಒತ್ತಿದರೆ ಸಮದನ ನಗುಮುಖ ಮಾಯವಾಗಿ ತನ್ನದು ಬರುತ್ತಿತ್ತು. ಕಳ್ಳತನದಂತೆ ಅನ್ನಿಸಿತು, ಆದರೂ ಒತ್ತಿದ. ಸಮದ ಶುಕ್ರವಾರದ ನಮಾಜಿಗೆ ಹೋಗಿ ಬರುವಷ್ಟರಲ್ಲಿ ಅರ್ಧದಷ್ಟು ಸಮದ ಲೋಕನಾಥನಾಗಿದ್ದ. ಉಳಿದರ್ಧದಲ್ಲಿ ಬಹುಪಾಲು ಸೋಮವಾರ.

ಸಮದ ಇದನ್ನು ಕಂಡ. ಕಂಡು, ಪಾಪ, ಅವನ ಕಣ್ಣು ತುಂಬಿತು. ಎಲ್ಲ ಕೆಲಸ ತನ್ನ ತಲೆಗೇ ಬಂತಲ್ಲ ಎಂದು ಅವನು ರಾತ್ರಿ ಮಗ್ಗುಲು ಬದಲಾಯಿಸುತ್ತಿದ್ದುದು ಅವನಿಗೊಬ್ಬನಿಗೇ ಗೊತ್ತಿತ್ತು. ಕೇಳದೆಯೇ ಹೆಗಲು ಕೊಟ್ಟ ಈ ಲೋಕಣ್ಣ ಎಂಥ ಮನುಷ್ಯ ಎಂದು ಹೆಂಡತಿ ನಬೀಸಾಳ ಹತ್ತಿರ ಹೊಗಳಿದ. ನಬೀಸಾ ಮರುದಿನವೇ ದೊಡ್ಡ ಡಬ್ಬಿಯ ತುಂಬ ಪತ್ತಿರಿ ಎಂಬ ಅಕ್ಕಿ ರೊಟ್ಟಿ, ಕೋಳಿ ಸಾರು ಮಾಡಿ ಪಕ್ಕದ ಮನೆಗೆ ಕೊಟ್ಟಳು. ಲೋಕನಾಥ ಡಬ್ಬಿಯನ್ನು ಅನುಮಾನದಿಂದ ನೋಡಿ, ಇದು ಲಂಚ, ಕಾರ್ಡು ವಾಪಸು ಕೇಳುವ ಉಪಾಯ ಎಂದು ಕಾಂತಿಗೆ ಎಚ್ಚರ ಹೇಳಿದ. ಆಮೇಲೆ ಡಬ್ಬಿ ಖಾಲಿ ಮಾಡಿದ.

ಅಂಕಿ ತೊಂಬತ್ತು ದಾಟಿದ ಭಾನುವಾರ ಲಾಯಿಲದಲ್ಲಿ ಕಾಂತಿಯ ಅಕ್ಕನ ಹೊಸ ಮನೆಯ ಒಕ್ಕಲು. ನೆಂಟರಿಷ್ಟರೆಲ್ಲ ಸೇರಿದ್ದರು. ದೇಜಪ್ಪನವರು ಪಂಕ್ತಿಯ ಮೊದಲ ಕುರ್ಚಿಯಲ್ಲಿ ಕೂತು, ಎದುರಿನ ನಿವೃತ್ತ ಹೆಡ್‌ಮಾಸ್ಟರಿಗೆ ಎಂದಿನಂತೆ ನಮ್ಮ ಕಂಪ್ಯೂಟರ್ ರಿಪೇರಿಯವರು ಎಂದು ಭಾವನನ್ನು ತೋರಿಸಿದರು. ಇಷ್ಟು ವರ್ಷ ಪಾಯಸದ ಜೊತೆ ನುಂಗಿದ್ದ ಮಾತನ್ನು ಈ ಸಲ ಲೋಕನಾಥ ನುಂಗಲಿಲ್ಲ. ಪಂಕ್ತಿಯ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ ಹೇಳಿದ:

“ಭಾವ, ಈಗ ಹಾಗೆಲ್ಲ ಹೇಳಬೇಡಿ. ನನಗೆ ತೊಂಬತ್ತಾರು ಬ್ಯಾಕ್‌ಲಾಗ್ ಉಂಟು.”

ಇಲ್ಲಿ ಒಂದು ವಿಷಯ ಹೇಳಬೇಕು. ಈ ಕಡೆ ಮನೆಯ ಗೇಟು ದಾಟಿದರೆ ಕಾಲೇಜು. ಇಂಜಿನಿಯರಿಂಗ್ ಓದುವ ಒಂದಾದರೂ ಮಗು ಇಲ್ಲದ ಮನೆ ಇಲ್ಲ. ಬ್ಯಾಕ್‌ಲಾಗ್ ಎಂಬ ಶಬ್ದ ಅಜ್ಜಿಯಂದಿರಿಗೂ ಗೊತ್ತು. ಪರೀಕ್ಷೆಯಲ್ಲಿ ಫೇಲಾಗಿ, ಮತ್ತೆ ಬರೆಯಲು ಉಳಿಸಿಕೊಂಡ ವಿಷಯಕ್ಕೆ ಬ್ಯಾಕ್‌ಲಾಗ್ ಎನ್ನುತ್ತಾರೆ. ಒಂದಿದ್ದರೆ ಮನೆಯಲ್ಲಿ ಪಿಸುಮಾತು, ಎರಡಿದ್ದರೆ ತಾಯಿ ಹರಕೆ ಹೊರುತ್ತಾಳೆ. ತೊಂಬತ್ತಾರು ಎಂದರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ.

ಬಡಿಸುವವರ ಸೌಟು ನಿಂತಿತು. ಹೆಡ್‌ಮಾಸ್ಟರು ಎಲೆಯಿಂದ ಕೈಯೆತ್ತಿ, ಈ ವಯಸ್ಸಿನಲ್ಲಿ ಓದಲು ಹೊರಟದ್ದೇ ದೊಡ್ಡದು, ಧೈರ್ಯಗೆಡಬಾರದು ಎಂದು ಮೆಲ್ಲನೆ ಹೇಳಿದರು. ಹೆಂಗಸರು ಕಾಂತಿಯ ಕಡೆ ತಿರುಗಿ ಕರುಣೆಯಿಂದ ನೋಡಿದರು. ಯಾರೋ ದೊಡ್ಡಮ್ಮ ಬ್ರಾಹ್ಮಿ ಎಲೆಯ ತಂಬುಳಿ ಮಾಡಿ ಕೊಡಲು ಹೇಳಿದರು. ದೇಜಪ್ಪನವರು ಪಾಯಸದ ಲೋಟವನ್ನು ದೂರ ಸರಿಸಿದರು. ಸುತ್ತಲಿನ ಈ ಮುಖಗಳನ್ನೆಲ್ಲ ಲೋಕನಾಥ ಒಂದೊಂದಾಗಿ ನೋಡಿದ. ಹುಟ್ಟಿದಂದಿನಿಂದ ಹೊಟ್ಟೆಕಿಚ್ಚು ಪಟ್ಟವನಿಗೆ ಬೇರೆಯವರು ಹೊಟ್ಟೆಕಿಚ್ಚು ಪಡುವುದನ್ನು ನೋಡುವ ಭಾಗ್ಯ ಇಂದು ಬಂತು ಎಂದುಕೊಂಡ. ಪಕ್ಕದ ಮನೆಯ ಸಮದನಿಗೆ ಈಗ ಎರಡೇ ಎರಡು ಉಳಿದಿದೆ, ಅದನ್ನೂ ಈ ವಾರದೊಳಗೆ ತೆಗೆಯುತ್ತೇನೆ ಎಂದು ಸೇರಿಸಿದ.

ಅಷ್ಟರಲ್ಲಿ ದೇಜಪ್ಪನವರ ಮಗ ಶಿಶಿರ್ ಎದ್ದು ನಿಂತ. ಇಂಜಿನಿಯರಿಂಗ್ ಮೂರನೇ ವರ್ಷದವನು, ಅಪ್ಪನ ಹೆದರಿಕೆಯಿಂದ ವರ್ಷದಿಂದೀಚೆಗೆ ಸರಿಯಾಗಿ ನಿದ್ದೆ ಮಾಡದವನು. ಮಾವನ ಧೈರ್ಯ ಕಂಡು ಅವನಿಗೂ ಧೈರ್ಯ ಬಂದಿತ್ತು. ಅಳುವ ಸ್ವರದಲ್ಲಿ, ಅಪ್ಪ, ನನಗೂ ಮೂರು ಉಂಟು ಎಂದುಬಿಟ್ಟ.

ಹುಡುಗನ ಮುಖ ಸಪ್ಪಗಾದದ್ದು ನೋಡಿ ಲೋಕನಾಥನಿಗೆ ಮರುಕ ಬಂತು. ಹತ್ತಿರ ಹೋಗಿ ಬೆನ್ನು ತಟ್ಟಿದ.

“ಮೂರಕ್ಕೆಲ್ಲ ನಾಚಿಕೆ ಮಾಡಿಕೊಳ್ಳಬಾರದು ಮಾರಾಯ. ಮೊದಲು ನನಗೂ ನಾಲ್ಕೇ ಇದ್ದದ್ದು. ನಮ್ಮಲ್ಲಿಗೆ ಬಾ, ಹೆಚ್ಚು ಮಾಡುವುದು ಹೇಗೆ ಅಂತ ನಾನು ಹೇಳಿಕೊಡ್ತೇನೆ.”

ದೇಜಪ್ಪನವರು ಅರ್ಧ ಊಟದಲ್ಲಿ ಎದ್ದು, ಕೈ ತೊಳೆಯದೆ ಕಾರು ಹತ್ತಿದರು. ಇನ್ನು ನನ್ನ ಮನೆಯ ಪ್ರಿಂಟರನ್ನು ಸಹ ಈ ಮನುಷ್ಯ ಮುಟ್ಟಬಾರದು ಎಂದು ಕಿಟಕಿಯಿಂದ ತಂಗಿಗೆ ಕೂಗಿ ಹೇಳಿದರು. ಲೋಕನಾಥನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಬೇಕಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಕಾಂತಿ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ, ನನಗೆ ಹೇಳದೆ ನೀವು ಯಾವ ಪರೀಕ್ಷೆಗೆ ಕಟ್ಟಿದ್ದು ಎಂದು ಕೇಳಿದಳು. ಎಲ್ಲ ಶನಿವಾರ ಗೊತ್ತಾಗುತ್ತದೆ ಎಂದು ಅವನು ಗಂಭೀರವಾಗಿ ಕಿಟಕಿಯ ಹೊರಗೆ ನೋಡಿದ.

ಆ ಶನಿವಾರ ಬಂತು. ಲೋಕನಾಥ ಮದುವೆಗಳಿಗೆ ಮಾತ್ರ ಹಾಕುವ ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದ. ಮೀಟಿಂಗಿಗೆ ಸುಬ್ಬಪ್ಪನವರು ಕೆಲವು ದೊಡ್ಡ ಗಿರಾಕಿಗಳನ್ನೂ ಕರೆದಿದ್ದರು. ಬೆಳ್ತಂಗಡಿಯಿಂದ ಫಯಾಝ್ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದ. ಟಿವಿಯಲ್ಲಿ ಬೋರ್ಡು ಬೆಳಗುತ್ತಿತ್ತು. ಎಡಗಡೆಯ ಸಾಲಿನಲ್ಲಿ ಮೇಲಿಂದ ಕೆಳಗೆ, ಇನ್ನೂ ಕೆಳಗೆ, ಲೋಕನಾಥ, ಲೋಕನಾಥ, ಲೋಕನಾಥ. ಹೆಸರಿನ ಪಕ್ಕ ನೂರ ಹದಿನೇಳು. ಸಮದನ ಹೆಸರಿನ ಪಕ್ಕ ಸೊನ್ನೆ.

ವಿಜೇತಾ ಮಾತು ಶುರುಮಾಡುವ ಮೊದಲೇ ಲೋಕನಾಥ ಎದ್ದು ಎರಡು ಮಾತಿಗೆ ಅವಕಾಶ ಬೇಡಿದ. ತನ್ನ ಮೇಲೆ ಇಟ್ಟ ವಿಶ್ವಾಸಕ್ಕೆ ಧಣಿಗಳಿಗೆ ವಂದನೆ ಹೇಳಿದ. ಪರದೆಯ ಮೇಲೆ ಕಾಣುವ ನೂರ ಹದಿನೇಳೂ ತನ್ನ ಸ್ವಂತ ದುಡಿಮೆ, ಒಂದನ್ನೂ ಕೈಬಿಟ್ಟಿಲ್ಲ, ಮುಂದೆಯೂ ಕೈಬಿಡುವುದಿಲ್ಲ ಎಂದು ಎದೆಯ ಮೇಲೆ ಕೈಯಿಟ್ಟು ಹೇಳಿದ. ಸಮದನಂಥವರಿಗೆ ಒಂದೂ ಇಲ್ಲವೆಂದು ನಾವು ಅವರನ್ನು ಹೀಯಾಳಿಸಬಾರದು, ಎಲ್ಲರಿಗೂ ಎಲ್ಲವೂ ಆಗುವುದಿಲ್ಲ ಎಂದು ದೊಡ್ಡ ಮನಸ್ಸನ್ನೂ ತೋರಿಸಿ ಕೂತ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಭಾವಾವೇಶದಿಂದ ಮರೆತಿರಬೇಕು ಎಂದು ಅವನು ತಾನೇ ಸಣ್ಣಗೆ ತಟ್ಟಿದ.

ಫಯಾಝ್ ಕಣ್ಣು ಕಿರಿದು ಮಾಡಿಕೊಂಡು ಪರದೆ ನೋಡುತ್ತಿದ್ದ. ಈ ಎಡಗಡೆಯ ಸಾಲು ಏನು ಎಂದು ವಿಜೇತಾಳನ್ನು ಕೇಳಿದ. ಅವಳು ಗಿರಾಕಿಗೆ ತಿಳಿಯಲಿ ಎಂದು ಅಚ್ಚ ಕನ್ನಡದಲ್ಲಿ ಹೇಳಿದಳು:

“ಮಾಡದೆ ಬಾಕಿ ಇಟ್ಟ ಕೆಲಸ.”

ಲೋಕನಾಥನ ಕೈ ಚಪ್ಪಾಳೆಯ ಮಧ್ಯದಲ್ಲಿ ನಿಂತಿತು. ಒಂದು ಕ್ಷಣ ಅವನು, ಈ ಹುಡುಗಿಗೆ ಗೊತ್ತಿಲ್ಲ, ಯಾರಾದರೂ ತಿದ್ದಬೇಕು ಎಂದು ಸುತ್ತಲೂ ನೋಡಿದ. ಯಾರೂ ತಿದ್ದಲಿಲ್ಲ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಫಯಾಝ್ ಮೆಲ್ಲನೆ ಎದ್ದ.

“ಹಾಗಾದರೆ ಇಷ್ಟು ದಿನ ನನ್ನ ಕುಚ್ಚಲಕ್ಕಿಯನ್ನು ಬೆಳ್ತಿಗೆ ಮಾಡಿ ಕೂತದ್ದು ನೀವೇ ಅಲ್ವಾ ಲೋಕಣ್ಣ?”

ಬಚ್ಚಲಿನ ಬಲ್ಬಿನ ಕಾರ್ಡೂ ಆ ಹೊತ್ತಿಗೆ ಪರದೆಯ ಮೇಲೆ ದೊಡ್ಡದಾಗಿ ಕಂಡಿತು. ಸುಬ್ಬಪ್ಪನವರು ಅದನ್ನು ಎರಡು ಸಲ ಓದಿದರು. ಬೈಯುವ ಜಾಯಮಾನದವರಲ್ಲ, ಬೈದಿದ್ದರೆ ಲೋಕನಾಥನಿಗೆ ಒಳ್ಳೆಯದಿತ್ತು. ಅವರು ಕನ್ನಡಕ ತೆಗೆದು ಒರೆಸಿ, ಮೂಡುಬಿದಿರೆಗೆ ಸಮದ್ ಹೋಗುವುದು ಎಂದರು. ಸಮದ ಕೂಡಲೇ ಎದ್ದು, ಸಾರ್, ಅದರಲ್ಲಿ ಎಷ್ಟೋ ನನ್ನದೇ, ಲೋಕಣ್ಣ ನನ್ನ ಕಷ್ಟ ನೋಡಲಾರದೆ ಹೊತ್ತುಕೊಂಡದ್ದು, ಇದು ಅನ್ಯಾಯ ಎಂದು ಹೇಳಿದ. ಸುಬ್ಬಪ್ಪನವರು ಪರದೆಯನ್ನೊಮ್ಮೆ, ಲೋಕನಾಥನನ್ನೊಮ್ಮೆ ನೋಡಿದರು.

“ಇರಬಹುದು ಸಮದ್. ಆದರೆ ಇವರಿಗೆ ಹೋಗಲಿಕ್ಕೆ ಪುರುಸೊತ್ತು ಎಲ್ಲುಂಟು?”

ಸಮದ ಮೂಡುಬಿದಿರೆಗೆ ಹೋದ. ಸ್ಕೂಟರೂ ಅವನೊಂದಿಗೆ ಹೋಯಿತು. ಲೋಕನಾಥ ಬಸ್ಸಿನಲ್ಲಿ ನೇತಾಡಿಕೊಂಡು ಮೆಲ್ಕಾರಿಗೆ ಬರತೊಡಗಿದ. ಎಸಿ ಕೋಣೆ ಹೋದದ್ದಕ್ಕೆ ಅವನಿಗೆ ದುಃಖವಾಯಿತು, ಫಲಕದಲ್ಲಿ ಅಬ್ದುಲ್ ಸಮದ್ ಎಂದು ಹಿತ್ತಾಳೆಯ ಅಕ್ಷರಗಳಿವೆಯೆಂದು ಕೇಳಿ ಇನ್ನೂ ದುಃಖವಾಯಿತು. ದೇಜಪ್ಪನವರು ಪ್ರಿಂಟರು ಹಿಡಿದುಕೊಂಡು ಹೋಗಿ ಸಮದನ ಕೋಣೆಯ ಹೊರಗೆ ಕಾದರಂತೆ ಎಂಬ ಸುದ್ದಿ ಬಂದ ದಿನ ಅವನು ಅನ್ನ ಮುಟ್ಟಲಿಲ್ಲ. ಆದರೆ ಇವೆಲ್ಲಕ್ಕಿಂತ ಹೆಚ್ಚಾಗಿ ಅವನನ್ನು ಸುಟ್ಟದ್ದು ಬೋರ್ಡಿನಲ್ಲಿ ಸಮದನ ಹೆಸರಿನ ಪಕ್ಕ ಇದ್ದ ಆ ಸೊನ್ನೆ. ಬ್ಯಾಕ್‌ಲಾಗ್ ಎಂದರೆ ಏನೆಂದು ಈಗ ಅವನಿಗೆ ಗೊತ್ತಿತ್ತು. ಹಾಗಾದರೆ ಸೊನ್ನೆ ಎಂಬುದು ಎಂಥ ಐಶ್ವರ್ಯ. ಅದನ್ನು ತಾನೇ, ತನ್ನ ಕೈಯಾರೆ, ಒಂದೊಂದು ಗುಂಡಿ ಒತ್ತಿ, ಸಮದನಿಗೆ ಮಾಡಿಕೊಟ್ಟಿದ್ದ.

ಕಿಚ್ಚು ಕೆಲಸಕ್ಕೆ ಬಂತು. ಲೋಕನಾಥ ಹಳೆಯ ಲೋಕನಾಥನಾದ. ಮೊದಲು ಬೆಳ್ತಂಗಡಿಗೆ ಹೋಗಿ ಫಯಾಝನ ಬೈಗುಳವನ್ನು ತಲೆತಗ್ಗಿಸಿ ಕೇಳಿ ಕುಚ್ಚಲಕ್ಕಿಯನ್ನು ಕುಚ್ಚಲಕ್ಕಿ ಮಾಡಿದ. ಮುಂಡಾಜೆಯಲ್ಲಿ ಇಡ್ಲಿಯ ಲೆಕ್ಕ ಮತ್ತೆ ತಪ್ಪದ ಹಾಗೆ ಬೇರಿನಿಂದಲೇ ಸರಿಪಡಿಸಿದ. ಹಾಲಿನ ಸೊಸೈಟಿಗಳಿಗೆ ಬೆಳಿಗ್ಗೆ ದನ ಕರೆಯುವ ಹೊತ್ತಿಗೇ ಹಾಜರಾದ. ಬಚ್ಚಲಿನ ಬಲ್ಬನ್ನು ಸ್ಟೂಲು ಹತ್ತಿ ಬದಲಾಯಿಸಿದ. ಕಾರ್ಡುಗಳು ಬಲಗಡೆಗೆ ಸಾಲುಸಾಲಾಗಿ ಹೋದವು. ಗಿರಾಕಿಗಳು ಧಣಿಗೆ ಫೋನು ಮಾಡಿ ಹೊಗಳಿದರು, ವಿಜೇತಾ ಎಲ್ಲರೆದುರು ಅವನನ್ನು ಮೆಚ್ಚಿ ಮಾತಾಡಿದಳು. ಲಾಯಿಲದಲ್ಲಿ ಆದದ್ದರ ಅರ್ಥ ಕಾಂತಿಗೆ ತಿಳಿದು ಅವಳು ನಕ್ಕು ಸುಸ್ತಾದಳು. ಶಿಶಿರ್ ಕೂಡ ಮೂರೂ ವಿಷಯಕ್ಕೆ ಮತ್ತೆ ಕಟ್ಟಿದ ಎಂದು ಸುದ್ದಿ ಬಂತು.

ಒಂದು ಮಧ್ಯಾಹ್ನ ಕೊನೆಯ ಕಾರ್ಡೂ ಬಲಗಡೆಗೆ ಸರಿದು ಲೋಕನಾಥನ ಹೆಸರಿನ ಪಕ್ಕ ಸೊನ್ನೆ ಬಂತು. ಅವನು ಅದನ್ನು ಬಹಳ ಹೊತ್ತು ನೋಡಿದ. ಸೊನ್ನೆಗಿಂತ ಕೆಳಗೆ ಹೋಗಲು ಆ ಟೂಲಿನಲ್ಲಿ ದಾರಿ ಉಂಟೇ ಎಂದು ವಿಜೇತಾಳನ್ನು ವಿಚಾರಿಸಿದ. ಇಲ್ಲ ಎಂದಳು. ಆದರೂ ಸಮಾಧಾನವೇ. ಈ ಸೊನ್ನೆಯನ್ನು ಸಮದನ ಕಿವಿಗೆ ಹಾಕದಿದ್ದರೆ ಗಳಿಸಿದ್ದು ದಂಡ ಎಂದು ಮೆಟ್ಟಿಲಿಗೆ ಹೋಗಿ ಫೋನು ಹಚ್ಚಿದ.

ಬಾಯಿ ತೆರೆಯುವ ಮೊದಲೇ ಸಮದನ ಸ್ವರ ಕೇಳಿತು. ಸೋತ ಸ್ವರ.

“ಲೋಕಣ್ಣ, ನೀವೇ ಫೋನು ಮಾಡಿದ್ದು ಒಳ್ಳೆಯದಾಯ್ತು. ಇಲ್ಲಿ ಹೊಸ ಗಿರಾಕಿಗಳೆಲ್ಲ ಒಟ್ಟಿಗೇ ಬಿದ್ದಿದ್ದಾರೆ ಮಾರಾಯ್ರೆ. ಇವತ್ತಿಗೆ ನನ್ನ ಬ್ಯಾಕ್‌ಲಾಗ್ ಸರಿಯಾಗಿ ಇನ್ನೂರು. ಎಸಿಯಲ್ಲಿ ಕೂತು ಬೆವರ್ತೇನೆ. ನಿಮ್ಮ ಪುಣ್ಯ, ಆರಾಮಾಗಿದ್ದೀರಿ.”

ಬ್ಯಾಕ್‌ಲಾಗ್ ಎಂದರೆ ಬಾಕಿ, ತೊಂದರೆ, ತಲೆನೋವು ಎಂದು ಲೋಕನಾಥನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡ. ಗೆದ್ದವನು ತಾನು ಎಂದೂ ಹೇಳಿಕೊಂಡ. ಆದರೆ ಇನ್ನೂರು ಎಂಬ ಶಬ್ದ ಕಿವಿಯಿಂದ ಇಳಿದು ಹೊಟ್ಟೆಯನ್ನು ಮುಟ್ಟಿ ಆಗಿತ್ತು, ಅಲ್ಲಿ ಹಳೆಯ ಜಾಗದಲ್ಲೇ ಹತ್ತಿಕೊಂಡಿತ್ತು. ತನಗೆ ಜೀವಮಾನದಲ್ಲಿ ನೂರ ಹದಿನೇಳು ದಾಟಲು ಆಗಲಿಲ್ಲ. ಮೆಟ್ಟಿಲ ಮೇಲೆ ನಿಂತವನಿಗೆ ಕಂಪೆನಿಯ ಟಿವಿಯಲ್ಲಿ ತನ್ನ ಸೊನ್ನೆ ಉಂಡು ಎತ್ತಿದ ಬಾಳೆಲೆಯ ಜಾಗದ ಹಾಗೆ ಬರಿದಾಗಿ ಕಾಣುತ್ತಿತ್ತು.

“ನಾಳೆ ಮೊದಲ ಬಸ್ಸಿಗೆ ಬರ್ತೇನೆ ಸಮದಾ, ಇಬ್ಬರೂ ಸೇರಿ ಮುಗಿಸುವ,” ಎಂದ.

ಆ ಕಡೆಯಿಂದ ಸಮದ ಅವನನ್ನು ಹೊಗಳಲು ಹೊರಟ. ಲೋಕನಾಥ ತಡೆದ.

“ಆದರೆ ಈಗಲೇ ಹೇಳಿಬಿಡ್ತೇನೆ. ನೂರ ಒಂದು ನನ್ನ ಹೆಸರಿಗೆ ಹಾಕಬೇಕು. ನಿನಗೆ ತೊಂಬತ್ತೊಂಬತ್ತು ಸಾಕು.”